ಎಣ್ಣೆ ಗಟ್ಟಿಯಾದ ದಿನ ಓಡಬಾರದು

ನಮ್ಮ ಮನೆಯ ಬಚ್ಚಲಿನ ಪಕ್ಕದ ಗೋಡೆಗೂಡಿನಲ್ಲಿ, ಕನ್ನಡಿ ಬಾಚಣಿಕೆಗಳ ನಡುವೆ, ಒಂದು ಕೊಬ್ಬರಿ ಎಣ್ಣೆಯ ಬಾಟಲಿ ಇದೆ. ಕುಷ್ಟಗಿಯಲ್ಲಿ ಹಿಮ ಬೀಳುವುದಿಲ್ಲ, ನೀರು ಹೆಪ್ಪುಗಟ್ಟುವುದಿಲ್ಲ. ಆದರೆ ಛಟ್ಟಿ ಅಮಾವಾಸ್ಯೆ ಕಳೆದು ಜೋಳದ ಹೊಲಗಳ ಮೇಲಿಂದ ಒಣಗಾಳಿ ಬೀಸತೊಡಗಿತೆಂದರೆ ತುಟಿ ಒಡೆಯುತ್ತದೆ, ಹಿಮ್ಮಡಿ ಬಿರಿಯುತ್ತದೆ, ಬೆಳಗಾಗುವಷ್ಟರಲ್ಲಿ ಬಾಟಲಿಯೊಳಗಿನ ಎಣ್ಣೆ ಬೆಳ್ಳಗೆ ಕಲ್ಲಾಗಿ ಕುಳಿತಿರುತ್ತದೆ. ನಮ್ಮ ಪಾಲಿನ ಹಿಮಾಲಯ ಗೇಣುದ್ದದ್ದು. ಇಂಥ ಬಾಟಲಿಯೊಂದು ಚಳಿಗಾಲವಿಡೀ ನನ್ನ ಮಗಳ ನೌಕರಿಯನ್ನು ತನ್ನ ಹೊಟ್ಟೆಯಲ್ಲಿ ಹಿಡಿದಿಟ್ಟುಕೊಂಡಿತ್ತು ಎಂದರೆ ನೀವು ನಗುತ್ತೀರಿ. ನಗಿರಿ, ಈಗ ನಾನೂ ನಗುತ್ತೇನೆ.

ನಾನು ಹೈಸ್ಕೂಲಿನ ಕನ್ನಡ ಮಾಸ್ತರ. ಓದು, ಓದು ಎಂದು ಹೇಳಿಯೇ ಮಗಳು ನೀಲಾಳನ್ನು ಬೆಳೆಸಿದವನು. ಅವಳು ಓದಿದಳು, ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಯ ಲಿಖಿತ ಪರೀಕ್ಷೆಯನ್ನೂ ಪಾಸು ಮಾಡಿದಳು. ಆಮೇಲೆ ನೋಡಿದರೆ ಇಲಾಖೆಯವರು ದಕಾರ ತೆಗೆದು ಡಕಾರ ಹಾಕಿ, ಈಗ ಓಡು ಎಂದರು. ಸಂಕ್ರಾಂತಿ ಕಳೆದ ಮೇಲೆ ಕೊಪ್ಪಳದ ಮೈದಾನದಲ್ಲಿ ಓಟದ ಪರೀಕ್ಷೆ. ಅದರಲ್ಲಿ ಹಿಂದೆ ಬಿದ್ದರೆ ಓದಿದ್ದೆಲ್ಲ ನೀರುಪಾಲು. ಹಗಲೆಲ್ಲ ಮಕ್ಕಳಿಗೆ ಟ್ಯೂಷನ್ ಹೇಳುವ ಅವಳಿಗೆ ಅಭ್ಯಾಸಕ್ಕೆ ಉಳಿದದ್ದು ನಸುಕು ಮಾತ್ರ. ಒಂದು ದಿನ ಯಾರನ್ನೂ ಎಬ್ಬಿಸದೆ, ನನ್ನ ಮಫ್ಲರನ್ನು ಮುಖಕ್ಕೆ ಸುತ್ತಿಕೊಂಡು ಹೊರಟೇಬಿಟ್ಟಳು.

ಹಾಲು ಹಾಕುವ ಶಾಂತವ್ವ ಬಾಗಿಲಲ್ಲಿ ನಿಂತು ನನ್ನ ಅವ್ವನಿಗೆ ಹೇಳಿದಳು: "ಅಮ್ಮಾರ, ನಿಮ್ಮ ಮೊಮ್ಮಗಳು ಓಡಿ ಹೋದ್ಲಲ್ರಿ! ಮಾರಿಗೆ ಮಫ್ಲರ್ ಕಟ್ಕೊಂಡು, ಹಿಂದ ತಿರುಗಿ ಸೈತ ನೋಡ್ಲಿಲ್ಲ."

ಪಾಪ, ಕಂಡದ್ದನ್ನೇ ಹೇಳಿದ್ದಳು. ನಮ್ಮ ನುಡಿಯಲ್ಲಿ ಹುಡುಗ ಓಡಿದರೆ ಬಹುಮಾನ, ಹುಡುಗಿ ಓಡಿ ಹೋದರೆ ಅವಮಾನ. ಮೂವತ್ತು ವರ್ಷ ಕ್ರಿಯಾಪದ ಕಲಿಸಿದ ನಾನೂ ಆ ಕ್ಷಣ ಆ ಮಾತಿಗೆ ಓಣಿಯವರು ಹಚ್ಚುವ ಅರ್ಥವನ್ನೇ ಹಚ್ಚಿದೆ. ಅವ್ವ ಹೊಸ್ತಿಲ ಮೇಲೆ ಕುಸಿದಳು. ನಾನು ಲುಂಗಿಯಲ್ಲೇ, ಬರಿಗಾಲಲ್ಲೇ ಬಸ್ ನಿಲ್ದಾಣದ ಕಡೆ ಓಡಿದೆ. ನಾಲ್ಕೂ ಕಡೆಯ ದಾರಿಗಳು ಬಂದು ಕೂಡುವ ಊರು ನಮ್ಮದು. ಓಡಿ ಹೋಗುವವರಿಗೆ ಇದಕ್ಕಿಂತ ಅನುಕೂಲದ ಊರಿಲ್ಲ ಎಂಬುದು ನನಗೆ ಹೊಳೆದದ್ದೇ ಅಂದು. ಇಳಕಲ್ಲಿನ ಬಸ್ಸಿನಲ್ಲಿ ಇಣುಕಲೋ, ಹೊಸಪೇಟೆಯದರಲ್ಲೋ ಎಂದು ತಡಕಾಡುತ್ತಿರುವಾಗ ದಾಳಿಂಬೆ ತೋಟಗಳ ದಿಕ್ಕಿನಿಂದ, ಬಾಯಲ್ಲಿ ಹೊಗೆಯಾಡಿಸುತ್ತ, ನನ್ನ ಮಫ್ಲರ್ ಓಡಿ ಬರುತ್ತಿತ್ತು. ಅದರೊಳಗೆ ನನ್ನ ಮಗಳಿದ್ದಳು.

"ಅಪ್ಪಾಜಿ, ನೀವ್ಯಾಕ ಓಡಾಕ ಹತ್ತೀರಿ?" ಎಂದಳು.

ನಾನು ಅಲ್ಲೇ ಚಹಾ ಅಂಗಡಿಯ ಕಟ್ಟೆಯ ಮೇಲೆ ಕುಳಿತು, ನಗುತ್ತ ನಗುತ್ತ ಅತ್ತೆ.

ಓಣಿ ನಾಲ್ಕು ದಿನ ನಕ್ಕಿತು. ಮಂದಿ ನಗುವುದು ಅವ್ವನಿಗೆ ಆಗದು. ಎಲ್ಲರೂ ಕೇಳುವಂತೆ ತೀರ್ಪು ಕೊಟ್ಟಳು: "ಎಣ್ಣಿ ಗಟ್ಟಿ ಆಗೂವಂಥ ಥಂಡ್ಯಾಗ ನಮ್ಮ ಹುಡುಗಿ ಹೊಸ್ತಿಲ ದಾಟಂಗಿಲ್ಲ. ದಿನಾ ಮುಂಜಾನೆ ಬಾಟ್ಲಿ ನಾನ ನೋಡಾಕಿ." ಥಂಡಿ ನೆಪ, ಅವಳಿಗಿದ್ದ ಅಂಜಿಕೆ ಓಣಿಯ ನಾಲಿಗೆಗಳದ್ದು. ಶಿವರಾತ್ರಿಯವರೆಗೂ ನಸುಕಿನಲ್ಲಿ ಕರಗದ ಎಣ್ಣೆ ಅದು. ಅಂದರೆ ಓಟ ಮುಗಿದಂತೆಯೇ. ನೀಲಾ ಬೂಟುಗಳ ಧೂಳು ಒರೆಸಿ ಮೂಲೆಗಿಟ್ಟಳು. ಐವತ್ತು ದಾಟಿದರೂ ಅವ್ವನ ಮುಂದೆ ನನಗೆ ಬಾಯಿಲ್ಲ.

ಮರುದಿನ ಅವ್ವ ಬಾಟಲಿ ಹಿಡಿದು ಓರೆ ಮಾಡಿದಳು. ಎಣ್ಣೆ ನೀರಿನಂತೆ ಸರಿಯಿತು. "ಹೂಂ, ಹೋಗು" ಎಂದು ಮುಖ ಗಂಟಿಕ್ಕಿದಳು. ಅದರ ಮರುದಿನವೂ ಹಾಗೆಯೇ. ಹಲ್ಲಿಗೆ ಹಲ್ಲು ಕಟಕಟ ಎನ್ನುವ ಮುಂಜಾವುಗಳಲ್ಲೂ ನಮ್ಮ ಮನೆಯ ಎಣ್ಣೆ ಮಾತ್ರ ಕರಗಿಯೇ ಇರುತ್ತಿತ್ತು, ನೀಲಾ ಓಡುತ್ತಲೇ ಇದ್ದಳು. ಮಗಳ ಕೈಚಳಕವಿರಬೇಕೆಂದುಕೊಂಡೆ, ಆಣೆ ಮಾಡಿದಳು. ಹೆಂಡತಿಯನ್ನು ಕೇಳಿದೆ, ನಿಮ್ಮದೇ ಕೆಲಸವೆಂದು ತಿಳಿದಿದ್ದೆ ಎಂದಳು.

ಒಂದು ಬೆಳಗಿನ ಜಾವ ಚಳಿ ಮಿತಿಮೀರಿತ್ತು. ಇವತ್ತು ಎಣ್ಣೆ ಖಂಡಿತ ಕೈಕೊಡುತ್ತದೆಂದು ಹೆದರಿ, ಬಿಸಿನೀರಿನಲ್ಲಿ ಅದ್ದಿಡೋಣವೆಂದು ಎಲ್ಲರಿಗಿಂತ ಮೊದಲು ಎದ್ದೆ. ಗೂಡಿನಲ್ಲಿ ಬಾಟಲಿ ಇರಲಿಲ್ಲ. ಹುಡುಕುತ್ತ ಪಡಸಾಲೆಗೆ ಬಂದರೆ, ಕೌದಿಯೊಳಗೆ ಮುದುಡಿ ಮಲಗಿದ್ದ ಅವ್ವನ ಸೆರಗಿನಿಂದ ಅದರ ನೀಲಿ ಮುಚ್ಚಳ ಇಣುಕುತ್ತಿತ್ತು. ಹೊಟ್ಟೆಗೆ ಒತ್ತಿ ಹಿಡಿದುಕೊಂಡಿದ್ದಳು.

"ಯವ್ವಾ, ಇದೇನಿದು?"

ಅವ್ವ ಒಂದೇ ಕಣ್ಣು ತೆರೆದಳು. "ಸುಮ್ನಿರೋ. ಮಂದಿ ಮುಂದ ಆಡಿದ ಮಾತು, ಹೊಳ್ಳಿ ನುಂಗಾಕ ಬರ್ತೈತೇನು? ಎಣ್ಣಿ ಕರಗಿದ್ರ ನನ್ನ ಮಾತೂ ಉಳೀತೈತಿ, ಹುಡುಗಿ ನೌಕರೀನೂ ಉಳೀತೈತಿ. ಆಕಿಗೆ ಹೇಳಬ್ಯಾಡ."

ಕಟ್ಟಳೆ ಮುರಿದವರನ್ನು ಬೇಕಾದಷ್ಟು ಕಂಡಿದ್ದೇನೆ, ಗೆಳೆಯರೇ. ತಾನೇ ಹಾಕಿದ ಕಟ್ಟಳೆಯನ್ನು ತಾನೇ ಕೌದಿಯೊಳಗಿಟ್ಟುಕೊಂಡು ಕಾವು ಕೊಟ್ಟು ಕರಗಿಸಿದವರನ್ನು ಕಂಡದ್ದು ಅಂದೇ. ಹಿರಿಯರ ಎಷ್ಟು 'ಬೇಡ'ಗಳು ಹೀಗೆ ಒಳಗೊಳಗೇ ಕರಗಿದ್ದವೋ, ನಾನು ಬಾಟಲಿ ಎತ್ತಿ ನೋಡದೆಯೇ ಸಿಟ್ಟು ಮಾಡಿಕೊಂಡದ್ದೆಷ್ಟು ಸಲವೋ! ಸದ್ದಿಲ್ಲದೆ ಹೋಗಿ ಮಲಗಿದೆ.

ಪರೀಕ್ಷೆಯ ದಿನ ಕೊಪ್ಪಳದ ಮೈದಾನದ ಗೇಟಿನಾಚೆ ನಿಂತಿದ್ದೆ. ನೀಲಾ ತಲೆತಗ್ಗಿಸಿ, ಕಾಲೆಳೆಯುತ್ತ ಬಂದಳು. ಹತ್ತಿರ ಬಂದವಳು ಏದುಸಿರಿನ ನಡುವೆ, "ಆತ್ರಿ ಅಪ್ಪಾಜಿ, ಪಾಸಾದೆ" ಎಂದಳು. ಅಬ್ಬಾ, ಎಷ್ಟು ಹಗುರಾದೆನೆಂದರೆ, ಕುಷ್ಟಗಿಯ ಬಸ್ಸು ಹಿಡಿಯಲು ಅವಳಿಗಿಂತ ಮುಂದೆ ನಾನೇ ಓಡಿದೆ.

ಸಂಜೆ ಹಾಲು ತಂದ ಶಾಂತವ್ವನ ಕೈಗೆ ಅವ್ವ ಸಕ್ಕರೆ ಹಾಕಿದಳು. "ಈಗ ಓಣಿಗೆಲ್ಲಾ ಹೇಳು ಹೋಗು, ನಮ್ಮ ಹುಡುಗಿ ಓಡಿ ಹೋದ್ಲು ಅಂತ. ಎಲ್ಲಿಗೆ ಅಂತ ಕೇಳಿದ್ರ, ಪೊಲೀಸ್ ಸ್ಟೇಷನ್‌ಗೆ ಅನ್ನು!"

ಮರುದಿನ ನಸುಕಿನಲ್ಲಿ ನನಗೆ ರೂಢಿಯಂತೆ ಎಚ್ಚರವಾಯಿತು. ಬಾಟಲಿ ಗೂಡಿನಲ್ಲೇ ಇತ್ತು. ಎಣ್ಣೆ ಬೆಳ್ಳಗೆ, ಕಲ್ಲಿನಂತೆ ಗಟ್ಟಿ. ನೀಲಾ ಕೂಡ ರೂಢಿಯಂತೆ ಎದ್ದು ಬೂಟಿನ ದಾರ ಕಟ್ಟುತ್ತಿದ್ದಳು. ಕೌದಿಯೊಳಗಿಂದ ಅವ್ವನ ದನಿ ಬಂತು: "ಎಣ್ಣಿ ಗಟ್ಟಿ ಆಗೇತಿ. ಬಾ, ಮಲ್ಕೋ."

ನೀಲಾ ಬೂಟು ಬಿಚ್ಚಿ, ಇಷ್ಟು ದಿನ ಬಾಟಲಿ ಮಲಗುತ್ತಿದ್ದ ಜಾಗದಲ್ಲಿ, ಅಜ್ಜಿಯ ಹೊಟ್ಟೆಗೆ ಬೆನ್ನು ಹಚ್ಚಿ ಮಲಗಿದಳು. ನಾನು ಬಾಚಣಿಕೆಯ ತುದಿಯಿಂದ ಒಂದಿಷ್ಟು ಎಣ್ಣೆ ಕೆದಕಿ ಅಂಗೈಯಲ್ಲಿಟ್ಟುಕೊಂಡು ನಿಂತೆ, ತಾನಾಗಿಯೇ ಕರಗಲಿ ಎಂದು.