ಹಸಿದ ಕೌದಿ

ಬೆಂಗಳೂರಿನ ಹೂಡಿಯ ರುಕ್ಮವ್ವ ಮೇಲ್ನೋಟಕ್ಕೆ ಗಿರಾಕಿ ಸಿಗದ ಸರಕು: ಮಾಸಿದ ಸೀರೆ, ಬಗ್ಗಿದ ಬೆನ್ನು, ಬೆಲೆ ಕೇಳಿದರೆ ನೆಲ ನೋಡುವ ಕಣ್ಣು. ಬೆರಳು ನೋಡಿದ ಮೇಲೆ ಮಾತ್ರ ತುಂಡುಬಟ್ಟೆ ವ್ಯಾಪಾರಿ ಚೌಕಾಸಿ ನಿಲ್ಲಿಸುತ್ತಾನೆ. ಕುಷ್ಟಗಿ ಕಡೆಯವಳು. ಗಂಡ ಮಲಕಪ್ಪ ಗಾರೆ ಕೆಲಸಕ್ಕೆ ಹೋದರೆ ಇವಳು ಬಾಡಿಗೆ ಕೋಣೆಯಲ್ಲಿ ಕೂತು, ತುಂಡುಬಟ್ಟೆ ಜೋಡಿಸಿ ಹೊದೆಯುವ ಕೌದಿ ಹೊಲಿಯುತ್ತಾಳೆ.

ಕಲಿಸಿದವಳು ಊರಲ್ಲಿರುವ ಅತ್ತೆ ಬಸಕ್ಕ. ಹೊಲಿಗೆ ಅಂಚಿನಿಂದ ಸುತ್ತಿ ಸುತ್ತಿ ನಡುವಿಗೆ ಬರಬೇಕು. ಕೊನೆಗೆ ಉಳಿದ ಪುಟ್ಟ ಬಾಯಿಗೆ ಚಿಟಿಕೆ ಜೋಳ ಹಾಕಿ ಮುಚ್ಚಬೇಕು. ಕಾಳು ಕಾಣದೆ ಹಸಿದ ಕೌದಿಯನ್ನು ಕೂಸಿಗೆ ಹೊದಿಸಬಾರದೆಂಬುದು ಬಸಕ್ಕನ ಕಾನೂನು.

ಪಕ್ಕದ ಅಪಾರ್ಟ್‌ಮೆಂಟಿನ ರಕ್ಷಿತಾ, ಹುಟ್ಟಲಿರುವ ಮಗುವಿಗೆಂದು ಒಂದು ಕೇಳಿದಳು. ಬಿಳಿ, ನೀಲಿ, ದೊಡ್ಡ ದೊಡ್ಡ ಖಾಲಿ ಚೌಕ; ಹೊಲಿಗೆ ನಿಮ್ಮಿಷ್ಟ ಅಂದಳು. ರುಕ್ಮವ್ವ ಒಂದು ಮೂಲೆ ಸುತ್ತಿ ನೋಡಿದಳು. ಬಿಳಿಯ ಮೇಲೆ ಇರುವೆ ಮುತ್ತಿದಂತೆ ಕಂಡಿತು. ಬಿಚ್ಚಿ, ಈ ತುದಿಯಿಂದ ಆ ತುದಿಗೆ ನೇರ ಗೆರೆ ಎಳೆದಳು. ಬಟ್ಟೆಗೆ ಉಸಿರು ಬಂತು. ಬೇಗ ಮುಗಿಯಿತು, ಅದೂ ಹಿತವಾಗಿಯೇ ಇತ್ತು.

ಫೋನಿನಲ್ಲಿ ಬಸಕ್ಕ ಕೇಳಿದಳು, “ಕೌದಿ ಹೊಟ್ಟಿಗೆ ಏನ್ ಹಾಕಿದಿ?”

ರುಕ್ಮವ್ವ ಮಡಿಲಲ್ಲಿದ್ದ ಕೌದಿಯನ್ನು ತಿರುವಿ ನೋಡಿದಳು. ನೇರ ಗೆರೆಗೆ ನಡುವೇ ಇಲ್ಲ. ಬಾಯಿ ಎಲ್ಲಿ ಬಿಡುವುದು?

“ಜ್ವಾಳ ಹಾಕೀನಿ, ಅತ್ತಿ.”

“ಭೇಷ್. ಪ್ಯಾಟ್ಯಾಗ ಇದ್ರೂ ಮರ್ತಿಲ್ಲ ನೋಡು ನೀ.”

ಆ ಹೊಗಳಿಕೆ ಬೈಗುಳಕ್ಕಿಂತ ಆಳಕ್ಕೆ ನಾಟಿತು. ಊಟ ಸೇರಲಿಲ್ಲ. ವಿಷಯ ತಿಳಿದ ಮಲಕಪ್ಪ ಕೆಣಕಿದ: “ಕೌದಿಗಿ ಹಸಿವಾದ್ರ ನೀ ಯಾಕ ಉಪವಾಸ?”

ಕೊಡುವ ದಿನ ಕೌದಿ ನೀಡಿದಳು, ಕೈ ಮಾತ್ರ ಬಿಡಲಿಲ್ಲ. “ಮೇಡಮ್ಮಾರ, ಇದು ಹಸದೈತ್ರಿ,” ಎಂದು ಎಲ್ಲ ಹೇಳಿದಳು. “ಚಂದ ಕಾಣ್ಲಿ ಅಂತ ನಾನ ಹಿಂಗ ಮಾಡೀನಿ. ಬ್ಯಾಡಂದ್ರ ವಾಪಸ್ ಒಯ್ತೀನಿ.”

ರಕ್ಷಿತಾ ಗೆರೆಗಳ ಮೇಲೆ ಬೆರಳಾಡಿಸಿದಳು. “ಸಕ್ಕತ್ತಾಗಿದೆ ಕಣ್ರೀ, ಇದನ್ನ ಮುಟ್ಬೇಡಿ. ಅಂಚಲ್ಲಿ ಒಂಚೂರು ಬಿಚ್ಚಿದ್ರೆ ಆಗಲ್ವಾ? ನಮ್ಮನೇಲಿ ಜೋಳ ಇಲ್ಲ, ರಾಗಿ ಇದೆ.”

“ರಾಗಿ ತಿಂತೈತೋ ಇಲ್ಲೋ.”

“ಬೆಂಗಳೂರಲ್ಲಿ ಹುಟ್ಟಿದ್ದಲ್ವಾ, ತಿನ್ನುತ್ತೆ ಬಿಡಿ.”

ಎರಡು ಗೆರೆಗಳ ನಡುವಿನ ಓಣಿಯಲ್ಲಿ ರಾಗಿ ಇಳಿಯಿತು. ರುಕ್ಮವ್ವ ಅಂಚು ಮುಚ್ಚಿದಳು. ಬಸಕ್ಕನಿಗೆ ಹೇಳಿದ ಸುಳ್ಳನ್ನು ಮಾತ್ರ ಯಾವ ಅಂಚಿಗೂ ತುರುಕಲಾಗಲಿಲ್ಲ. ನಿಜ ಹೇಳುವ ಫೋನು ಅವಳಿನ್ನೂ ಮಾಡಿಲ್ಲ. ಈಗಲೂ ನೇರ ಗೆರೆಯನ್ನೇ ಹೊಲಿಯುತ್ತಾಳೆ, ತಲೆ ತಗ್ಗಿಸಿಕೊಂಡು.

ಅವಳಿಗೆ ತುಂಡುಬಟ್ಟೆ ಮಾರುವ ಆ ವ್ಯಾಪಾರಿ ನಾನೇ. ಸರಕಿನಲ್ಲಿ ಇಲ್ಲದ್ದು ಏನೆಂದು ಗಿರಾಕಿಗೆ ಮೊದಲೇ ಹೇಳುವುದನ್ನು ಅವಳಿಂದ ಕಲಿತೆ.