ಜರಿ ಶಬ್ದದ ಬೆನ್ನು ಹತ್ತಿ ನಿಪ್ಪಾಣಿಗೆ

ಸೀರೆ ಅಂಗಡಿಯಲ್ಲಿ ಬೇರೆಯವರಿಗೆ ಆಗುವುದು ನನಗೆ ಡಿಕ್ಷನರಿಯಲ್ಲಿ ಆಗುತ್ತದೆ. ಬೇಕಾಗಿರುವುದು ದಿನಬಳಕೆಯದು, ಕಣ್ಣು ಹೋಗುವುದು ಜರಿ ಇದ್ದದ್ದರ ಮೇಲೆ. ಐಗಳಿ ಕಡೆಯ ಹೈಸ್ಕೂಲಿನಲ್ಲಿ ಅರ್ಧ ಆಯುಷ್ಯ ಇಂಗ್ಲಿಷ್ ಕಲಿಸಿದವಳು ಹೀಗೆ ಒಪ್ಪಿಕೊಳ್ಳಬಾರದು ನಿಜ. ಆದರೆ ಹೋದ ವರ್ಷ ಅಂಥದೇ ಒಂದು ಜರಿ ಶಬ್ದ ನನ್ನನ್ನು ಅಥಣಿಯಿಂದ ನಿಪ್ಪಾಣಿವರೆಗೆ ಓಡಿಸಿದೆ. ಇನ್ನು ಮುಚ್ಚಿಟ್ಟು ಏನು ಪ್ರಯೋಜನ?

ಸುನಂದಾ ನನ್ನ ಹಳೆಯ ವಿದ್ಯಾರ್ಥಿನಿ. ತಂದೆ ತಾಯಿ ಇಬ್ಬರೂ ಬೇರೆಯವರ ದ್ರಾಕ್ಷಿ ತೋಟದಲ್ಲಿ ದುಡಿಯುವವರು. ಮೂರನೆಯ ಬೆಂಚಿನಿಂದ ಆಕೆಯ ಕೈ ಏಳದೆ ನನ್ನ ಒಂದು ಪಾಠವೂ ಮುಗಿದದ್ದಿಲ್ಲ. "ಅಕ್ಕಾರ, ಹಡಗಿಗೆ ‘ಶಿ’ ಅಂತಾರಂದ್ರ ಬಸ್ಸಿಗೆ ಯಾಕ ಅನ್ನೂದಿಲ್ರಿ?" ಎಂದು ಕೇಳಿದವಳು ಆಕೆ. ನನಗೆ ಇವತ್ತಿಗೂ ಉತ್ತರ ಗೊತ್ತಿಲ್ಲ. ಹೇಗೋ ಬಿ.ಎಡ್. ಮುಗಿಸಿದಳು. ಎರಡು ಶಾಲೆಗಳು ಸಂದರ್ಶನ ಮಾಡಿ, ತಿಳಿಸುತ್ತೇವೆ ಎಂದು ಕಳಿಸಿ, ತಿಳಿಸದೆ ಸುಮ್ಮನಾದವು. ಮೂರನೆಯದು ನಿಪ್ಪಾಣಿಯ ಹೆಣ್ಣುಮಕ್ಕಳ ವಸತಿ ಶಾಲೆ. ಅವರು ಕಲಿಸಿದ ಗುರುಗಳಿಂದ ಲಕೋಟೆಯಲ್ಲಿಟ್ಟು ಅಂಟಿಸಿದ ಪತ್ರವೊಂದನ್ನು ಕೇಳಿದ್ದರು. ಇಂಗ್ಲಿಷಿನಲ್ಲಿ.

ಗುರು ಎಂದರೆ ನಾನು. ಕೂತು ಬರೆದೆ. ಪ್ರಶ್ನೆ ಕೇಳುವುದು ಈಕೆಯ ಸ್ವಭಾವ ಎಂದು ಹೇಳಬೇಕಿತ್ತು. ಮೊದಲು ‘ಹ್ಯಾಬಿಟ್’ ಎಂದು ಬರೆದು ಹೊಡೆದುಹಾಕಿದೆ. ಉಗುರು ಕಚ್ಚುವುದೂ ಹ್ಯಾಬಿಟ್ಟೇ. ‘ಇನ್‌ಕ್ಲಿನೇಷನ್’ ತೀರ ತೆಳುವಾಯಿತು. ಆಗ ಎಲ್ಲಿಂದಲೋ ‘ಪ್ರೊಕ್ಲಿವಿಟಿ’ ಬಂದು ಪೆನ್ನಿನ ತುದಿಗೆ ಕೂತಿತು. ಎಂಥ ಗತ್ತು, ಎಂಥ ನಡೆ! ‘ಸ್ಟ್ರಾಂಗ್ ಪ್ರೊಕ್ಲಿವಿಟಿ’ ಎಂದೇ ಬರೆದು, ಲಕೋಟೆಗೆ ಅಂಟು ಹಚ್ಚಿ, ಹುಡುಗಿಯ ಕೈಗೆ ಕೊಟ್ಟೆ. ಆಕೆ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ನಾನೂ ಹೆಮ್ಮೆಯಿಂದ ಮಾಡಿಸಿಕೊಂಡೆ.

ರವಿವಾರ ಹತ್ತನೆಯ ತರಗತಿಗೆ ಸಮಾನಾರ್ಥಕ ಶಬ್ದಗಳ ಪಟ್ಟಿ ಮಾಡುತ್ತ ಕೂತಿದ್ದೆ. ಸ್ಲೋಪ್, ಇನ್‌ಕ್ಲೈನ್, ಗ್ರೇಡಿಯಂಟ್, ಟಿಲ್ಟ್. ಎಲ್ಲದಕ್ಕೂ ಇಳಿಜಾರು, ವಾಲು ಎಂದು ಗೀಚಿ ಮುಗಿಸುವ ವಿಚಾರ. ನನ್ನ ಯಜಮಾನರು ನೀರಾವರಿ ಇಲಾಖೆಯಲ್ಲಿ ಕಾಲುವೆ ಕಟ್ಟಿಸಿ ನಿವೃತ್ತರಾದವರು. ಪೇಪರಿನ ಹಿಂದಿನಿಂದಲೇ ತಕರಾರು ತೆಗೆದರು.

"ಎಲ್ಲಾ ಒಂದ ಅಂತ ಯಾರ ಹೇಳಿದ್ರು? ಸ್ಲೋಪ್ ಅಂದ್ರ ನೆಲದ್ದು. ಗ್ರೇಡಿಯಂಟ್ ಅಂದ್ರ ನಾವು ಅಳದದ್ದು. ಟಿಲ್ಟ್ ಅಂದ್ರ ಕಂಬ ವಾಲೇತಿ, ಗುತ್ತಿಗೆದಾರನ್ನ ಕರೀರಿ ಅಂತ."

ಇಂಜಿನಿಯರರಿಗೆ ಇಂಗ್ಲಿಷ್ ಸೋಲಬಾರದೆಂದು ದೊಡ್ಡ ಡಿಕ್ಷನರಿ ತೆಗೆದೆ. ನೋಡನೋಡುತ್ತ ಹುರುಪು ಏರಿತು. ಇಂಗ್ಲಿಷಿನವರು ಮನಸ್ಸನ್ನೂ ನೆಲದ ಹಾಗೆಯೇ ಅಳೆದಿದ್ದಾರೆ. ಇನ್‌ಕ್ಲಿನೇಷನ್ ಎಂದರೆ ಮನಸ್ಸು ಸ್ವಲ್ಪ ಬಾಗಿದೆ ಅಷ್ಟೆ, ಇನ್ನೂ ಎದ್ದು ಹೋಗಿಲ್ಲ. ಪೆನ್‌ಷಾಂಟ್ ಫ್ರೆಂಚರಿಂದ ಬಂದದ್ದು, ಅದೂ ವಾಲುವುದೇ, ಆದರೆ ಶೋಕಿಯಿಂದ. ಪ್ರೊಪೆನ್ಸಿಟಿಯ ಮೂಲದಲ್ಲಿ ತೂಗಿ ಜೋತುಬೀಳುವುದಿದೆ; ಯಾವಾಗ ಬಿದ್ದೀತೋ ಹೇಳಲಾಗದು. ಪ್ರೊಕ್ಲಿವಿಟಿಯ ಹೊಟ್ಟೆಯಲ್ಲಂತೂ ಲ್ಯಾಟಿನ್ನಿನ ಇಳಿಜಾರೇ ಕೂತಿದೆ. ‘ಭಲೆ’ ಎಂದುಕೊಂಡು ಮುಂದಿನ ಸಾಲು ಓದಿದೆ. ಸಾಮಾನ್ಯವಾಗಿ ಕೆಟ್ಟದ್ದರ ಕಡೆಗಿನ ಸೆಳೆತಕ್ಕೆ ಬಳಸುತ್ತಾರೆ ಎಂದಿತ್ತು.

ಡಿಕ್ಷನರಿ ಮುಚ್ಚಿದೆ. ಇಂಥ ಫರಕು ನಮ್ಮ ಕನ್ನಡದಲ್ಲಿಲ್ಲವೇ? ಓದುವುದಕ್ಕೆ ಒಲವು, ಸುಳ್ಳು ಹೇಳುವುದಕ್ಕೆ ಚಾಳಿ. ಅದಲು ಬದಲು ಮಾಡಿ ನೋಡಿ. ಸುಳ್ಳಿನ ಒಲವಿನವನು ಕವಿಯಾದಾನು. ಓದುವ ಚಾಳಿಯವನಿಗೆ ಮನೆಯಲ್ಲಿ ಊಟ ಹಾಕಲಾರರು. ನಾನು ಸುನಂದಾಳಿಗೆ ಒಲವಿನ ಬದಲು ಚಾಳಿ ಅಂಟಿಸಿ, ಅದಕ್ಕೆ ಬಲವಾದ ಚಾಳಿ ಎಂದು ಒತ್ತಿ ಹೇಳಿ, ಮೇಲೆ ಸಹಿ ಮಾಡಿದ್ದೆ.

ಫೋನ್ ಹಚ್ಚಿದೆ. ಸ್ವಿಚ್ ಆಫ್. ಸಂದರ್ಶನ ಮರುದಿನ ಹನ್ನೊಂದಕ್ಕೆ. ಹುಡುಗಿ ಆಗಲೇ ನಿಪ್ಪಾಣಿ ಹತ್ತಿರದ ಅಕ್ಕೋಳಕ್ಕೆ, ಸೋದರತ್ತೆಯ ಮನೆಗೆ ಹೋಗಿದ್ದಳು.

"ಯಾರು ಅಷ್ಟ ಬಾರೀಕ ಓದತಾರ, ಬಿಡ," ಎಂದರು ಯಜಮಾನರು.

"ನೀವು ಕಾಲುವಿ ಒಂದ ಬೆರಳ ಉಲ್ಟಾ ಇಳಿಜಾರ ಕಟ್ಟಿದ್ರ ಬಿಡತಿದ್ರೇನ?" ಎಂದೆ.

ಅವರು ಪೇಪರು ಮಡಚಿದರು. "ನಾಳಿ ನಸಿಕಿನ ಮೊದಲನೇ ಬಸ್ಸಿಗೆ ಹೋಗು," ಎಂದರು.

ಶಾಲೆಗೆ ರಜೆ ಹಾಕಿ ಹೊರಟೆ. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸುವವರೆಗೂ ಕಿಟಕಿಯಾಚೆ ಕಬ್ಬಿದ್ದದ್ದು ಕಾಣಲಿಲ್ಲ. ಪತ್ರ ಬರೆದ ದಿನ ಆ ಹುಡುಗಿಯ ತಾಯಿ ನನಗೆ ತಂದುಕೊಟ್ಟಿದ್ದ ಒಣದ್ರಾಕ್ಷಿಯ ಪುಡಿಕೆ ಮಾತ್ರ ಕಾಣುತ್ತಿತ್ತು. "ನಿಮ್ಮ ಅಕ್ಷರದಾಗ ಅಕಿ ನಸೀಬ ಐತ್ರಿ," ಎಂದಿದ್ದಳು.

ಶಾಲೆ ಮುಟ್ಟಿದಾಗ ಹನ್ನೊಂದಕ್ಕೆ ಹತ್ತು ನಿಮಿಷ ಇತ್ತು. ಮುಖ್ಯೋಪಾಧ್ಯಾಯಿನಿ ಗಟ್ಟಿ ಆಳು, ಕನ್ನಡ ಮರಾಠಿ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವರು. "ಬರ್ರಿ ಮೇಡಂ, ಬಸಾ," ಎಂದರು. ನಾನು ಕೂರುವ ಮೊದಲೇ ತಪ್ಪೊಪ್ಪಿಕೊಂಡೆ. ಸುನಂದಾ ಬೆಳಿಗ್ಗೆ ಬಂದವಳೇ ಕೊಟ್ಟಿದ್ದ ನನ್ನ ಪತ್ರವನ್ನು ಅವರು ಫೈಲಿನಿಂದ ತೆಗೆದರು. ಆ ಶಬ್ದದ ಕೆಳಗೆ ಪೆನ್ಸಿಲಿನ ಗೀಟು ಬಿದ್ದಿತ್ತು.

"ನನಗೂ ಜರಾ ಶಂಕಾ ಬಂದಿತ್ತ್ರಿ. ಹುಡುಗಿ ಮಂದೀನ ಕಾಡತಾಳೇನೋ ಅಂತ."

"ತಪ್ಪ ನಂದ್ರಿ. ಅಕೀದಲ್ಲ."

"ಮತ್ತ ಖರೇ ಶಬ್ದ ಯಾವುದ್ರಿ?"

ಬಾಯಿ ತೆರೆದೆ. ಹಿಂದಿನ ದಿನ ಉರು ಹೊಡೆದ ಒಂದು ಶಬ್ದವೂ ಮುಂದೆ ಬರಲಿಲ್ಲ. ಕೊನೆಗೆ ಮನೆಯಲ್ಲಿ ಆಡುವ ಹಾಗೆಯೇ ಹೇಳಿದೆ: "ತಿಳೀಲಿಲ್ಲಂದ್ರ ಆ ಹುಡುಗಿಗೆ ಉಂಡ ಅನ್ನ ರುಚಿ ಹತ್ತೂದಿಲ್ರಿ. ತಿಳದ ಮ್ಯಾಲ ಬಾಜೂದಾಕಿಗೆ ಹೇಳಿಕೊಡದ ಬಿಡೂದೂ ಇಲ್ಲ."

ಅವರು ಪತ್ರವನ್ನು ಮೇಜಿನ ಮೇಲಿಟ್ಟರು. "ಇದನ್ನ ಇದ್ದಂಗ ಬರದ ಕೊಟ್ಟಿದ್ರ ಆಗತಿತ್ತಲ್ರಿ."

"ಇಂಗ್ಲಿಷಿನ್ಯಾಗ ಅಂದಿದ್ರಿ."

ಹೊಟ್ಟೆ ಹಿಡಿದು ನಕ್ಕರು. ನಂತರ ರಬ್ಬರು ತೆಗೆದು ಪೆನ್ಸಿಲಿನ ಗೀಟನ್ನು ಅಳಿಸಿದರು. ಶಬ್ದ ಉಳಿಯಿತು, ಅನುಮಾನ ಹೋಯಿತು.

ಸುನಂದಾ ಒಳಗೆ ಹೋದಳು. ಆಕೆಗೆ ಕಾಣದಂತೆ ನಾನು ನೀರಿನ ಟಾಕಿಯ ಹಿಂದೆ ನಿಂತೆ. ಆರನೆಯ ತರಗತಿಗೆ ಪಾಠ ಮಾಡಿ ತೋರಿಸಲು ಹೇಳಿದ್ದರಂತೆ. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಒಂದು ಹುಡುಗಿ ಏನೋ ಕೇಳಿದಳು, ಇನ್ನೊಬ್ಬಳು ಕೇಳಿದಳು, ಕೊನೆಗೆ ಇಡೀ ತರಗತಿ ಒಟ್ಟಿಗೆ ಬಾಯಿ ಮಾಡತೊಡಗಿತು. ಅದು ಪಾಠ ಕೆಟ್ಟ ಗದ್ದಲವಲ್ಲ, ಹತ್ತಿಕೊಂಡ ಗದ್ದಲ. ಇಷ್ಟು ವರ್ಷದ ಕಿವಿಗೆ ಅಷ್ಟು ಗೊತ್ತಾಗುತ್ತದೆ. ನನ್ನ ಎದೆ ಅಲ್ಲೇ ಅರ್ಧ ಹಗುರಾಯಿತು.

ಮುಕ್ಕಾಲು ಗಂಟೆಯ ಮೇಲೆ ಹೊರಬಂದು ನನ್ನನ್ನು ಕಂಡವಳೇ ಓಡಿ ಬಂದಳು. "ಆತ್ರಿ ಅಕ್ಕಾರ! ಒಂದನೇ ತಾರೀಖಿನಿಂದ ಬರ್ರಿ ಅಂದ್ರು. ನೀವ್ಯಾಕ ಬಂದೀರಿ?"

ಇದ್ದದ್ದು ಇದ್ದ ಹಾಗೆ ಹೇಳಿದೆ. ಬಯ್ಯುತ್ತಾಳೆಂದುಕೊಂಡಿದ್ದೆ. ಆಕೆ ಹುಬ್ಬು ಗಂಟಿಕ್ಕಿ ಕೇಳಿದಳು: "ತಿಳಸ್ತೀವಿ ಅಂದ ಆ ಎರಡ ಸಾಲಿಯವರಿಗೂ ನೀವ ಪತ್ರ ಬರದಿದ್ರೇನ್ರಿ?"

"ಇಲ್ಲವ್ವಾ, ದೇವರಾಣಿ, ಅವು ನನ್ನ ಪತ್ರ ಇಲ್ಲದ ಹೋದವು!" ಎಂದೆ. ಇಬ್ಬರೂ ಗೇಟಿನ ಹತ್ತಿರವೇ ನಿಂತು ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ನಂತರ ಆಕೆ ಅವ್ವನಿಗೆ ಫೋನ್ ಮಾಡಿದಳು. ಆ ಕಡೆಯಿಂದ ತೋಟದ ಹೆಂಗಸರೆಲ್ಲ ಕೂಗಿದ್ದು ನನಗೂ ಕೇಳಿಸಿತು.

ತಿರುಗಿ ಬರುವ ಬಸ್ಸಿನಲ್ಲಿ ಕಬ್ಬು ಕಂಡಿತು, ಆಕಾಶ ಕಂಡಿತು, ಆಮೇಲೆ ಏನೂ ಕಾಣಲಿಲ್ಲ. ಎಚ್ಚರವಾದಾಗ ನನ್ನ ತಲೆ ಪಕ್ಕದ ಮುದುಕಿಯ ಹೆಗಲ ಮೇಲಿತ್ತು. ಗಡಬಡಿಸಿ ನೆಟ್ಟಗೆ ಕೂತು, "ತಪ್ಪಾತ್ರಿ ಆಯೀ," ಎಂದೆ.

"ಇರಲಿ ಬಿಡ ಯವ್ವಾ. ಚಿಕ್ಕೋಡಿ ಇನ್ನೂ ದೂರೈತಿ," ಎಂದು ಆಕೆ ಸೆರಗು ಸರಿಮಾಡಿ ಹೆಗಲನ್ನು ಇನ್ನಷ್ಟು ಹತ್ತಿರ ತಂದಳು.

ನಾನು ಮತ್ತೆ ವಾಲಿದೆ. ಅದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ, ಆ ಹೊತ್ತಿಗೆ ನನಗೆ ಬೇಕಾಗಿರಲಿಲ್ಲ.