ಕಬ್ಬಿನ ಮೇಲಿನ ಗೆರೆ

ಮಂಗಸೂಳಿಯ ಹೊರಗೆ, ಮಲ್ಲಯ್ಯನ ಗುಡಿಗೆ ಹೋಗುವ ಹಾದಿಯ ತೋಟದ ವಸ್ತಿಯಲ್ಲಿ ವೈಫೈ ಎಂದರೆ ತ್ರಿಶಲಾ. ಏಕಸಂಬಿಯಲ್ಲಿ ಹುಟ್ಟಿ, ಚಿಕ್ಕೋಡಿಯಲ್ಲಿ ಎಲೆಕ್ಟ್ರಾನಿಕ್ಸ್ ಓದಿ, ಭೀಮಗೊಂಡರ ಮನೆಗೆ ಸೊಸೆಯಾಗಿ ಬಂದವಳು. ಸಿಗ್ನಲ್ಲಿಗಾಗಿ ಜನ ಬಣವೆ ಹತ್ತುವುದನ್ನು ನೋಡಿ ನೋಡಿ ಸಾಕಾಗಿ, ಕಳೆದ ಬೇಸಿಗೆಯಲ್ಲಿ ಊರೊಳಗಿನ ಟವರಿನಿಂದ ತಮ್ಮ ಹೊಲದ ಪಂಪ್ ಶೆಡ್ಡಿಗೆ ತಂತಿಯಿಲ್ಲದೆ ಇಂಟರ್ನೆಟ್ ತಂದಳು. ಶೆಡ್ಡಿನ ಮೇಲೆ ಊಟದ ತಾಟಿನಷ್ಟು ಅಗಲದ ಡಿಶ್. ಅಲ್ಲಿಂದ ಸುತ್ತಲಿನ ಮನೆಗಳಿಗೆ ವೈಫೈ.

ಕುರಿ ಸಾಕುವ ಮಲಕಾರಿ, ಸಕ್ಕುಬಾಯಿಯರ ಮಗಳು ಉಜ್ವಲಾ ಚದುರಂಗ ಕಲಿತದ್ದೇ ಆ ವೈಫೈಯಲ್ಲಿ. ಈಗ ಶಾಲಾ ಹುಡುಗಿಯರ ಆನ್‌ಲೈನ್ ಪಂದ್ಯಾವಳಿಯ ಫೈನಲ್ಲಿಗೆ ಬಂದಿದ್ದಳು. ಹೇಗೆ ಬಂದಳೆಂಬುದು ಅವಳಿಗೇ ಗೊತ್ತು. ಸೆಮಿಫೈನಲ್ ನಡೆದಾಗ ನೆಟ್ ಮತ್ತೆ ಮತ್ತೆ ಕೈಕೊಟ್ಟು, ಅವಳ ಆಟದ ಗಡಿಯಾರ ಮಾತ್ರ ಓಡುತ್ತಲೇ ಇತ್ತು. ಕೂದಲೆಳೆಯಲ್ಲಿ ಪಾರಾಗಿದ್ದಳು. ಫೈನಲ್ ಬರುವ ರವಿವಾರ.

"ಅಕ್ಕಾ, ಸೋತರ ಸೋಲ್ತೀನಿ," ಎಂದಳು ತ್ರಿಶಲಾಳ ಎದುರು ಬಂದು ನಿಂತು. "ಆದರ ಆ ಹುಡುಗಿ ಕೈಯಾಗ ಸೋಲಬೇಕು, ನೆಟ್ಟಿನ ಕೈಯಾಗ ಅಲ್ಲ."

ತ್ರಿಶಲಾಗೆ ಮಾತು ನಾಟಿತು. ಸೆಮಿಫೈನಲ್ ನಡೆದ ರವಿವಾರ ಯಾರ್ಯಾರು ವೈಫೈಗೆ ಸೇರಿದ್ದರೆಂದು ತೆಗೆದು ನೋಡಿದಳು. ಅಬ್ಬಾ! ವಸ್ತಿಯ ಮಂದಿಗಿಂತ ಹೊರಗಿನ ಫೋನುಗಳೇ ಹೆಚ್ಚು. ಗುಡಿಗೆ ಹೋಗುವವರೆಲ್ಲ ನೀರಿಗೆ ನಿಲ್ಲುವುದು ಸಕ್ಕುಬಾಯಿಯ ಅಂಗಳದಲ್ಲೇ; ನೇರ ಅಲ್ಲಿಗೆ ಹೋದಳು.

"ಹೌದವಾ, ನಾನ ಕೊಟ್ಟೀನಿ," ಎಂದಳು ಸಕ್ಕುಬಾಯಿ. "ಮಲ್ಲಯ್ಯಗ ಹೊಂಟ ಮಂದಿಗಿ ನೀರ ಕೊಡ್ತೀವಿ, ಬೆಲ್ಲಾ ಕೊಡ್ತೀವಿ. ಪಾಸ್‌ವರ್ಡ್ ಕೇಳಿದ್ರ ಇಲ್ಲ ಅಂತ ಹ್ಯಾಂಗ ಅನ್ನೂದು?"

"ಅದಕ್ಕ ಆ ರವಿವಾರ ನನ್ನ ಟೀವಿಗಿ ದೆವ್ವ ಹೊಕ್ಕಿತ್ತು!" ಕಟ್ಟೆಯ ಮೇಲೆ ಕೂತಿದ್ದ ಮಾವ ಭೀಮಗೊಂಡ ಎದ್ದೇಬಿಟ್ಟ. "ಮುನಿಗಳ ಪ್ರವಚನ ನೋಡಾಕತ್ತಿದ್ನಿ. ಒಮ್ಮಿಗೇ ಲಾವಣಿ ಕುಣಿಯಾಕಿ ಬಂದ್ಲು!"

"ಯಾರೋ ಅವರ ಫೋನಿನಿಂದ ನಿಮ್ಮ ಟೀವಿಗಿ ಬಿಟ್ಟಾರ, ಮಾಮಾ. ಒಂದ ವೈಫೈದಾಗ ಇದ್ರ ಹಂಗ ಆಕ್ಕೈತಿ. ಲಗೂನ ಬಂದ್ ಮಾಡಿದ್ರಿಲ್ಲೋ?"

"ರಿಮೋಟ್ ಸಿಗೂತನಕ ಹಾಡ ಮುಗೀತವಾ."

ಸಕ್ಕುಬಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

"ಕಾಕೂ, ಬಂದವ್ರನ್ನ ಕಟ್ಟಿ ಮ್ಯಾಲ ಕುಂದ್ರಸ್ತೀರಿ. ಅಡಗಿ ಮನಿತನಕ ಬಿಡ್ತೀರೇನು?" ಎಂದು ಕೇಳಿದ ತ್ರಿಶಲಾ ಅಂದೇ ವೈಫೈಯನ್ನು ಎರಡು ಮಾಡಿದಳು. ಮನೆಮನೆಗೂ ಬೇರೆ ಬೇರೆ ಪಾಸ್‌ವರ್ಡಿನದೊಂದು. ಬಂದವರಿಗಾಗಿ 'ಕಟ್ಟಿ' ಎಂಬ ಹೆಸರಿನ ಇನ್ನೊಂದು. ಅದರ ವೇಗಕ್ಕೆ ಮಿತಿ ಇತ್ತು, ಅಲ್ಲಿಂದ ಮನೆಯೊಳಗಿನ ಟೀವಿ, ಫೋನುಗಳು ಕಾಣುವಂತಿರಲಿಲ್ಲ. ಸಕ್ಕುಬಾಯಿಯ ಧರ್ಮವೂ ಉಳಿಯಿತು, ಭೀಮಗೊಂಡನ ಟೀವಿಯ ಪ್ರವಚನವೂ ಉಳಿಯಿತು.

ಆದರೆ ಬುಧವಾರ ಗಾಳಿ ಎದ್ದಿತು, ನೆಟ್ ಮತ್ತೆ ಹೋಯಿತು. 'ಕಟ್ಟಿ'ಯಲ್ಲಿ ಆಗ ಒಬ್ಬರೂ ಇರಲಿಲ್ಲ.

ತ್ರಿಶಲಾ ಶೆಡ್ಡಿನ ಮೇಲೆ ಹತ್ತಿ, ಫೋನಿನಲ್ಲಿ ಸಿಗ್ನಲ್ಲಿನ ಅಂಕಿ ನೋಡುತ್ತ ಕೂತಳು. ಗಾಳಿ ಬೀಸಿದರೆ ಇಳಿಯುತ್ತಿತ್ತು, ನಿಂತರೆ ಏರುತ್ತಿತ್ತು. ಡಿಶ್ಶಿನ ಬೋಲ್ಟುಗಳನ್ನು ಅಲುಗಾಡಿಸಿ ನೋಡಿದಳು. ಬಿಗಿಯಾಗಿಯೇ ಇದ್ದವು. ಆಮೇಲೆ ಡಿಶ್ಶಿಗೆ ಕಣ್ಣು ಸಮಮಾಡಿ ಊರಿನ ಕಡೆ ನೋಡಿದಳು. ಟವರ್ ಕಾಣಲಿಲ್ಲ. ಬೆಳ್ಳಗೆ ಸೂಲಂಗಿ ಹೂ ಬಿಟ್ಟು ತೂಗಾಡುವ ಕಬ್ಬು ಕಂಡಿತು.

ನಗು ಬಂದುಬಿಟ್ಟಿತು! ಡಿಶ್ ಕೂರಿಸಿದ್ದು ಬೇಸಿಗೆಯಲ್ಲಿ, ಕಬ್ಬು ಕಡಿದ ಬಯಲು ಹೊಲದ ಎದುರು. ಕಬ್ಬಿನ ಮನೆಯ ಸೊಸೆಯೇ ಕಬ್ಬು ಬೆಳೆಯುತ್ತದೆಂಬುದನ್ನು ಮರೆತಿದ್ದಳು. ನೀರು ತುಂಬಿದ ಹಸಿ ಎಲೆ ಸಿಗ್ನಲ್ಲನ್ನು ನುಂಗುತ್ತದೆ. ಟವರಿಗೂ ಡಿಶ್ಶಿಗೂ ನಡುವಿನ ಗೆರೆಯಷ್ಟೇ ಬಯಲಾಗಿದ್ದರೆ ಸಾಲದು, ಗೆರೆಯ ಸುತ್ತಲೂ ಜಾಗ ಬೇಕು.

"ಮಾಮಾ! ಮ್ಯಾಲ ಬರ್ರಿ! ಕಳ್ಳ ಸಿಕ್ಕಾನ!"

ಭೀಮಗೊಂಡ ನಿಚ್ಚಣಿಕೆ ಹತ್ತಿ ಬಂದು ನೋಡಿದ. ಅವನ ಮುಖ ಅರಳಿತು. "ಟವರಿಗೇ ಅಡ್ಡ ಬಂತು ನನ್ನ ಕಬ್ಬ! ಈ ಸೀಮ್ಯಾಗ ಯಾರ್ ಬೆಳಿಸ್ಯಾರ ಹೇಳು ಇಂಥಾದ್ದು?"

"ಒಂದ ಸ್ವಲ್ಪ ಕಡದ್ರ..."

"ಕಡಿಯಾಕ ಫ್ಯಾಕ್ಟರಿ ಗ್ಯಾಂಗ್ ಬರೂತನಕ ಒಂದ ಗಳಾ ಮುಟ್ಟಂಗಿಲ್ಲ!" ಎಂದವನು ಎರಡು ಮೆಟ್ಟಿಲಿಳಿದು ನಿಂತ. "ಹಳೀ ಬೋರಿನ ಪೈಪ್ ಬಿದ್ದಾವು. ಉದ್ದ ಅದಾವು. ಆಗ್ತಾವೇನು?"

ಆಗುತ್ತಿದ್ದವು! ಶನಿವಾರ ಎರಡು ಪೈಪು ಜೋಡಿಸಿ, ತುದಿಗೆ ಡಿಶ್ ಕಟ್ಟಿ, ಶೆಡ್ಡಿನ ಮಗ್ಗುಲಲ್ಲಿ ನಿಲ್ಲಿಸಿದರು. ಆದರೆ ಗಾಳಿಗೆ ಪೈಪು ತೊನೆಯಿತು. ಅದರೊಂದಿಗೆ ಅಂಕಿಯೂ ಕುಣಿಯಿತು.

ಕೆಳಗೆ ನಿಂತಿದ್ದ ಮಲಕಾರಿ ತಲೆಯ ಪಟಗಾ ಬಿಗಿಮಾಡಿಕೊಂಡ. "ತಂಗೆವ್ವಾ, ಬಯಲಾಗ ಡೇರೆ ಹೊಡಿಯಾವ್ರು ನಾವು. ಮೂರ್ ದಿಕ್ಕಿಗಿ ಹಗ್ಗಾ ಎಳದ, ದೂರ ಗೂಟಾ ಬಡೀಬೇಕು. ಸನೇಕ ಬಡದ್ರ ಹಿಡಿಯಂಗಿಲ್ಲ."

"ಹಗ್ಗಾ ಹಿಗ್ಗತೈತಿ ಕಾಕಾ. ತಂತಿ ತರ್ತೀನಿ. ಗೂಟಾ ನೀವು ಬಡೀರಿ."

ಮಲಕಾರಿ ಬಡಿದ. ತಂತಿ ಬಿಗಿಯುತ್ತಿದ್ದಂತೆ ಅಂಕಿ ಏರಿ, ಏರಿದಲ್ಲೇ ನಿಂತಿತು. ತ್ರಿಶಲಾ ಚಪ್ಪಾಳೆ ತಟ್ಟಿದಳು.

ರವಿವಾರ ಮಧ್ಯಾಹ್ನ ಗಾಳಿ ಜೋರಾಗಿತ್ತು. ಹಣೆಗೆ ಭಂಡಾರದ ಅರಿಸಿನ ಹಚ್ಚಿಕೊಂಡ ಯಾತ್ರಿಕರು ಅಂಗಳದ ತುಂಬ. ಸಕ್ಕುಬಾಯಿ ನೀರು, ಬೆಲ್ಲ, 'ಕಟ್ಟಿ'ಯ ಪಾಸ್‌ವರ್ಡ್ ಹಂಚುತ್ತಿದ್ದಳು. ಒಳಗೆ ಉಜ್ವಲಾ ಆಡುತ್ತಿದ್ದಳು. ತ್ರಿಶಲಾಗೆ ಚದುರಂಗ ತಿಳಿಯದು; ಅವಳ ಕಣ್ಣೆಲ್ಲ ಫೋನಿನ ಅಂಕಿಯ ಮೇಲೆ. ಕಬ್ಬು ತೂಗಾಡಿತು, ಅಂಕಿ ಅಲುಗಲಿಲ್ಲ. ಎದುರಾಳಿ ಯೋಚಿಸುತ್ತ ಕೂತಳು, ಉಜ್ವಲಾಳ ಆನೆ ಸರ್ರನೆ ಸರಿಯಿತು. ನೆಟ್ ಒಮ್ಮೆಯೂ ಉಸಿರು ಹಿಡಿಯಲಿಲ್ಲ.

"ಅಕ್ಕಾss!" ಉಜ್ವಲಾ ಬಾಗಿಲಿಗೆ ಓಡಿಬಂದಳು. "ಗೆದ್ನಿ! ನನ್ನ ಕೈಲೆ ಗೆದ್ನಿ, ಗಡಿಯಾರದ ಕೈಲೆ ಅಲ್ಲ!"

ಅಂಗಳದಲ್ಲಿದ್ದ ಯಾತ್ರಿಕರು ಏನೆಂದು ತಿಳಿಯದೆಯೇ ಭಂಡಾರ ತೂರಿದರು. ಮೈಯೆಲ್ಲ ಹಳದಿಯಾದ ಭೀಮಗೊಂಡ ಪೈಪಿನ ತುದಿಗೆ ಕತ್ತೆತ್ತಿದ.

"ಮುಂದಿನ ವರ್ಷ ಕಬ್ಬ ಅಷ್ಟ ಎತ್ತರ ಬೆಳಸ್ತೀನಿ ನೋಡು."

"ಬೆಳಸ್ರಿ ಮಾಮಾ," ಎಂದಳು ತ್ರಿಶಲಾ. "ಇನ್ನೂ ಒಂದ ಪೈಪ್ ಉಳದೈತಿ."